ಚಹಾ ಕಂಪಿನ ಗುಲಾಬಿ

ಆಶೂನ್‌ಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರ ಮೂಗನ್ನು ಕೊಂದುಹೋಗಿತ್ತು. ಹೂಗಿಡ ಮಾರುವ ಮನೆಯ ಒಬ್ಬನೇ ಮಗ ಅದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಮಿಕ್ಕವರು ಹೂ ಮೂಸಿ 'ಆಹಾ' ಅಂದರೆ ಅವನೂ ಅನ್ನುತ್ತಿದ್ದ.

ತಾಯಿ ತವರಿನ ಮದುವೆಗೆ ಹೊರಟು ದೋಣಿಯಲ್ಲಿ ಕೂತಿದ್ದಳು. "ಇವತ್ತು ಪರಂಗಿಯವನು ಹಳದಿ ಗುಲಾಬಿಗೆ ಬರ್ತಾನೆ. ವಾಸನೆ ಇಲ್ಲದ್ದು ಮೂರು ಕೊಡು. ನಿಮ್ಮ ತಾತ ಬೆಟ್ಟದಿಂದ ತಂದ ಕಂಪಿನ ಗಿಡಗಳನ್ನ ಮುಟ್ಟಬೇಡ. ಮೂಸಿ ಆರಿಸು, ಕಣ್ಣನ್ನ ನಂಬಬೇಡ."

ಹೊಳೆ ಉಕ್ಕಿದ್ದಾಗ ಕುಂಡಗಳನ್ನೆಲ್ಲ ಜಗಲಿಗೆ ಎತ್ತಿಟ್ಟಿದ್ದರಿಂದ ಅವು ಕಲೆತುಹೋಗಿದ್ದವು. ಇಷ್ಟು ದಿನ ಅವನು ಇಟ್ಟ ಜಾಗದಿಂದ ಗುರುತು ಹಿಡಿಯುತ್ತಿದ್ದ. ತಾತನ ಗಿಡ ಅಂದಮೇಲೆ ಮೈತುಂಬಿಕೊಂಡಿರಬೇಕು ಅಂದುಕೊಂಡು, ಪೀಚಲು ಮೂರನ್ನು ಪಕ್ಕಕ್ಕಿಟ್ಟ.

ಹೆಂಡತಿ ಯೂಕ್‌ಲಿಂಗ್ ಒಲೆಯ ಮುಂದಿದ್ದಳು. ಪರಂಗಿಗೆ ಕೊಡುವ ಗಿಡದ ಬೇರಿಗೆ ಕುದಿನೀರು ಹೊಯ್ಯುವುದು ಈ ಮನೆಯ ಪದ್ಧತಿ. ಹಡಗು ಸಮುದ್ರ ಸೇರುವ ತನಕ ಎಲೆ ಹಸಿರಾಗಿರುತ್ತದೆ, ಆಮೇಲೆ ಸಾಯುತ್ತದೆ. ಮುಂದಿನ ವರ್ಷ ಅವನು ಮತ್ತೆ ಬರಬೇಕು.

"ಮೂಸಿದ್ರಾ?"

"ಮೂಸ್ದೆ."

"ನಾನೊಂದ್ಸಲ ನೋಡ್ಲಾ?"

"ತೋಟ ನನ್ನದಾ, ನಿಮ್ಮಪ್ಪಂದಾ? ನೀರು ತಾ."

ಪರಂಗಿಯವನು ದುಭಾಷಿಯ ಜೊತೆ ಬಂದ. ಹೂವಿಗೆ ಮುಖ ತಗ್ಗಿಸಿದವನು ಕಣ್ಣು ಮುಚ್ಚಿ ಹಾಗೇ ನಿಂತುಬಿಟ್ಟ. ಆಶೂನ್ ದುಭಾಷಿಯ ಕಡೆ ತಿರುಗಿದ.

"ಏನಂತೆ?"

"ಹೊಸ ಚಹಾದ ಡಬ್ಬಿ ತೆಗೆದ ಹಾಗಿದೆಯಂತೆ," ಅಂದ ದುಭಾಷಿ. "ಯಾಕಯ್ಯಾ, ನಿನಗೆ ಗೊತ್ತಿಲ್ವಾ?"

"ಗೊತ್ತಿಲ್ದೆ ಏನು," ಅಂದ ಆಶೂನ್. ಕುಂಡಗಳನ್ನು ತಾನೇ ದೋಣಿಗೆ ಹೊತ್ತುಕೊಟ್ಟ. ಮಣ್ಣು ಇನ್ನೂ ಬೆಚ್ಚಗಿತ್ತು.

ಮರುದಿನ ತಾಯಿ ಬಂದವಳೇ ಜಗಲಿಯಲ್ಲಿ ಒಂದೊಂದೇ ಹೂವಿಗೆ ಬಗ್ಗಿದಳು. ಕೊನೆಯದರ ಹತ್ತಿರ ಬಹಳ ಹೊತ್ತು ಬಗ್ಗಿಯೇ ಇದ್ದಳು. ಒಂದಕ್ಕೂ ಕಂಪಿರಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಬಂದು, ಮುಚ್ಚಿದ ಮುಷ್ಟಿಯನ್ನು ಮಗನ ಮೂಗಿಗೆ ಹಿಡಿದಳು.

"ಇದು ಹೇಗಿದೆ?"

ಅವನು ಅಭ್ಯಾಸದಂತೆ ಕಣ್ಣು ಮುಚ್ಚಿದ. "ಆಹಾ," ಅಂದ.

ಯೂಕ್‌ಲಿಂಗ್ ಕಿಸಕ್ಕೆಂದು ನಕ್ಕಳು. ಅತ್ತೆಯ ಮುಖ ನೋಡಿ ಸುಮ್ಮನಾದಳು. ತಾಯಿ ಮುಷ್ಟಿ ಬಿಚ್ಚಿದಳು. ಗೊಬ್ಬರಕ್ಕೆಂದು ಕೊಳೆಹಾಕಿದ್ದ ಮೀನಿನ ಕರುಳು.

"ಎಂದಿನಿಂದ?" ಅಂದಳು.

ಅವಳು ತೊಟ್ಟಿಗೆ ಹೋಗಿ ಕೈ ತೊಳೆದುಕೊಂಡಳು.

ತಾತನ ಗಿಡಗಳು ಮೂರೇ ಇದ್ದವು. ಮೂರೂ ಹೋದವು.