ಮೊದಲನೆಯ ಎಳೆತ

ಸೊಸೆಗೆ ಮಹಡಿಯ ಮೇಲೆ ಕಂಪ್ಯೂಟರ್, ಮಾವನಿಗೆ ಕೆಳಗೆ ಎಳೆಯುವ ಯಂತ್ರ. ಒಂದೇ ಪ್ರಯೋಗಾಲಯ, ಒಂದೇ ಅಡುಗೆಮನೆ. ಹಾಗಿದ್ದೂ ಎರಡು ವರ್ಷದಲ್ಲಿ ಅವರ ನಡುವೆ ಒಂದು ಮನಸ್ತಾಪ ಬಂದದ್ದಿಲ್ಲ. ಅವಳು ಮೆಟ್ಟಿಲಿಳಿದು ಅವರ ಕೋಣೆಗೆ ಕಾಲಿಡದಿರುವುದೇ ಅದಕ್ಕೆ ಕಾರಣವೆಂದು ಅವಳ ಗಂಡ ಕಿಚಾಯಿಸುತ್ತಿದ್ದ.

ರಕ್ತನಾಳದ ಗೋಡೆ ಎಳೆತಕ್ಕೆ ಎಲ್ಲಿ ಪೆಟ್ಟು ತಿನ್ನುತ್ತದೆ, ಯಾವಾಗ ಹರಿಯುತ್ತದೆ ಎಂದು ಮೊದಲೇ ಹೇಳುವ ಕಂಪ್ಯೂಟರ್ ಮಾಡೆಲ್ ಅವಳದು. ಕಿರಿದಾದ ನಾಳದೊಳಗೆ ಬಲೂನು ಊದಿಸುವ ವೈದ್ಯರಿಗೆ ಎಷ್ಟು ಊದಿದರೆ ಅಪಾಯ ಎಂದು ತಿಳಿಯಬೇಕಲ್ಲ, ಅದಕ್ಕೆ. ಮಾವ ಹಂದಿಯ ರಕ್ತನಾಳದ ಪಟ್ಟಿಗಳನ್ನು ಎಳೆದು ಅಳತೆ ಕಳಿಸುತ್ತಿದ್ದರು. ಅವಳ ಮಾಡೆಲ್ ಬಿಡಿಸಿದ ಗೆರೆ ಆ ಅಳತೆಯ ಗೆರೆಯ ಮೇಲೆ ಕೂರಬೇಕಿತ್ತು. ಕೂರುತ್ತಿರಲಿಲ್ಲ. ಕಂಪ್ಯೂಟರಿನ ನಾಳ ಗಟ್ಟಿ, ಮಾವನ ನಾಳ ಮೆತ್ತಗೆ. ಶುಕ್ರವಾರದೊಳಗೆ ಹೊಂದದಿದ್ದರೆ ಕೆಲಸ ಕೈಬಿಡುವುದಾಗಿ ಪ್ರಯೋಗಾಲಯದ ಮುಖ್ಯಸ್ಥೆ ಹೇಳಿಯಾಗಿತ್ತು. ಆರು ವಾರ ಅವಳು ತನ್ನ ಲೆಕ್ಕವನ್ನೇ ಜಾಲಾಡಿದಳು. ಮಾವನ ಅಳತೆಯನ್ನು ಅನುಮಾನಿಸುವುದು ಕನಸಿನಲ್ಲೂ ಹೊಳೆಯಲಿಲ್ಲ. ಅವರ ಕೆಲಸ ಅಷ್ಟು ಅಚ್ಚುಕಟ್ಟು.

ಗುರುವಾರ ಬೆಳಿಗ್ಗೆ ತಲೆ ಕೆಟ್ಟು, ಸುಮ್ಮನೆ ನೋಡೋಣವೆಂದು ಕೆಳಗಿಳಿದಳು. ಮಾವ ಉಪ್ಪುನೀರಿನಿಂದ ಪಟ್ಟಿಯೊಂದನ್ನು ಎತ್ತಿ, ಯಂತ್ರದ ಎರಡು ಹಿಡಿಗಳ ನಡುವೆ ಸಿಕ್ಕಿಸಿ, ಎಳೆದು ಬಿಟ್ಟರು. ಮತ್ತೆ ಎಳೆದು ಬಿಟ್ಟರು. ಹೀಗೆ ಐದು ಸಲ. ಆಮೇಲೆ ಅಳತೆ ದಾಖಲಿಸುವ ಗುಂಡಿ ಒತ್ತಿದರು.

“ಮಾವ, ಆ ಐದು ಸಲದ ಅಳತೆ?”

“ಅದಾ? ಅದು ಮೈ ಸಡಿಲ ಆಗ್ಲಿ ಅಂತಮ್ಮ. ಮೊದಮೊದಲು ಒಂದೊಂದು ಸಲ ಒಂದೊಂದು ಥರ ಬರುತ್ತೆ, ಆರನೇ ಸಲಕ್ಕೆ ದಾರಿಗೆ ಬರುತ್ತೆ. ಮೂವತ್ತು ವರ್ಷದಿಂದ ಹೀಗೇ ಮಾಡ್ತಿದೀನಿ.”

“ಎಷ್ಟು ದೂರ ಎಳೀತೀರಿ?”

“ಪೂರ್ತಿ, ಇನ್ನೇನು ಹರಿಯುತ್ತೆ ಅನ್ನೋವರೆಗೂ. ಅರ್ಧಂಬರ್ಧ ಕೆಲಸ ನನ್ನ ಕೈಲಾಗಲ್ಲ.”

ಅವಳು ಸಂತೋಷದಿಂದ ಉಕ್ಕಿದಳು. ಗೋಡೆಯೊಳಗಿನ ಸಣ್ಣ ಎಳೆಗಳು ಹೆಚ್ಚಾಗಿ ಹರಿಯುವುದೇ ಆ ಮೊದಲನೆಯ ಎಳೆತದಲ್ಲಿ! ಅವಳಿಗೆ ಬೇಕಾದುದನ್ನೆಲ್ಲ ಮಾವ ಮುತುವರ್ಜಿಯಿಂದ ಕಳೆದು, ಪೆಟ್ಟು ತಿಂದು ಮೆತ್ತಗಾದ ಪಟ್ಟಿಯ ಅಳತೆಯನ್ನು ಮೇಲಕ್ಕೆ ಕಳಿಸುತ್ತಿದ್ದರು. ಆದರೆ ಹೇಳುವುದು ಹೇಗೆ? ಇನ್ನೆರಡು ತಿಂಗಳಿಗೆ ನಿವೃತ್ತರಾಗುವವರು. ಹೇಳದಿದ್ದರೆ ನಾಳೆಗೆ ಮಾಡೆಲ್ ಮೂಲೆಗೆ. ಹೇಳಿಯೇಬಿಟ್ಟಳು.

ಮಾವ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು.

“ಅಂದ್ರೆ ಬೇಕಾದ್ದನ್ನ ಬಿಸಾಕಿ, ಬೇಡದ್ದನ್ನ ನೀಟಾಗಿ ಕೊಟ್ಟಿದೀನಿ ಅನ್ನು! ಎರಡು ವರ್ಷ ಒಂದೇ ಮನೇಲಿದ್ದೂ ನೀನು ಕೇಳಲಿಲ್ವಲ್ಲಮ್ಮ!”

“ನೀವೂ ಹೇಳಲಿಲ್ವಲ್ಲ ಮಾವ!”

ಉಳಿದಿದ್ದುದು ಒಂದೇ ಹೊಸ ಪಟ್ಟಿ. ಅದನ್ನು ಸಿಕ್ಕಿಸಿದ್ದೇ ತಡ, ಮಾವನ ಬೆರಳು ತನ್ನಷ್ಟಕ್ಕೆ ಎಳೆಯುವ ಗುಂಡಿಯತ್ತ ಹೋಯಿತು. ಮಾವ ತಟ್ಟನೆ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

“ಈ ಕೈ ನಂಬಬೇಡ. ನೀನೇ ಒತ್ತು.”

ಅವಳು ಮೊದಲು ದಾಖಲೆಯ ಗುಂಡಿ ಒತ್ತಿದಳು, ಆಮೇಲೆ ಎಳೆತದ್ದು. ಪರದೆಯ ಮೇಲೆ ಅಳತೆಯ ಗೆರೆ ಅವಳ ಗೆರೆಯ ಮೇಲೆಯೇ ಏರುತ್ತಾ ಹೋಯಿತು, ಅವಳು ಹೇಳಿದಲ್ಲೇ ಬಾಗಿತು, ಪಟ್ಟಿಯೂ ಹೇಳಿದಲ್ಲೇ ಹರಿಯಿತು. ಅವಳು ಮಾವನ ಎರಡೂ ಕೈ ಹಿಡಿದು ಮಗುವಿನ ಹಾಗೆ ಕುಣಿದಳು.

“ಲೇಖನದಲ್ಲಿ ನಿಮ್ಮ ವಿಷಯ ಬರೆಯಲ್ಲ ಮಾವ. ಅಳತೆ ತಿದ್ದಿದ್ವಿ ಅಂತ ಅಷ್ಟೇ ಹಾಕ್ತೀನಿ.”

“ಬರಿ. ನನ್ನ ಹೆಸರು ಹಾಕೇ ಬರಿ,” ಎಂದರು ಮಾವ. “ಇಲ್ದಿದ್ರೆ ನನ್ನ ಜಾಗಕ್ಕೆ ಬರೋರೂ ಐದು ಸಲ ಎಳೀತಾರೆ.”