ಹಿರಿಯಡ್ಕದಲ್ಲಿ ಆಟ ಬಿಟ್ಟವರು

ಕಾಪುವಿನ ರೂಪೇಶ್ ಒಂದು ಮೊಬೈಲ್ ಆಟ ಮಾಡಿದ್ದ. ಆಡುವವರು ಕಾರ್ಕಳ–ಉಡುಪಿ ಬಸ್ಸಿನ ಕಂಡಕ್ಟರು. ವಿಸಿಲ್ ಊದಿದರೆ ಬಸ್ಸು ಹೊರಡುತ್ತದೆ, ಟೈಮಿಗೆ ಉಡುಪಿ ಮುಟ್ಟಿದರೆ ಗೆಲುವು. ಆದರೆ ಆಡಿದವರೆಲ್ಲ ಹಿರಿಯಡ್ಕ ಸ್ಟಾಪಿನಲ್ಲೇ ಸೋತು, ಆಟವನ್ನೇ ಅಳಿಸಿ ಹೋಗುತ್ತಿದ್ದರು.

"ಜನರ ಬೆರಳು ನಿಧಾನ ಶರ್ಮಿಳಕ್ಕ" ಎಂದು ನನ್ನ ಹತ್ತಿರ ಹೇಳುತ್ತ ಅವನು ವಿಸಿಲ್ ಬಟನ್ನನ್ನು ದೊಡ್ಡದು ಮಾಡುತ್ತಲೇ ಹೋಗಿ, ಅದು ಅರ್ಧ ಸ್ಕ್ರೀನ್ ತುಂಬಿತ್ತು. "ಶನಿವಾರದೊಳಗೆ ಕಾರಣ ಸಿಗದಿದ್ದರೆ ನಾನೇ ಅಳಿಸಿಬಿಡ್ತೇನೆ. ಎರಡು ವರ್ಷ ಸಾಕು."

ಉಡುಪಿ ಬಸ್‌ಸ್ಟ್ಯಾಂಡಿನ ಎದುರಿನ ನನ್ನ ಮೊಬೈಲ್ ರಿಪೇರಿ ಅಂಗಡಿಗೆ ಮಣಿಪಾಲದ ಲವೀನಾ ಮೇಡಮ್ಮೂ ಬರುವುದುಂಟು. ಆಟ ಆಡುವಾಗ ಜನ ಯಾವಾಗ ಎಂತ ಮಾಡುತ್ತಾರೆ ಎನ್ನುವುದೇ ಅವರ ಸಂಶೋಧನೆ. "ಆಟ ಮಾಡುವವರು ನಮ್ಮನ್ನು ಕಂಡರೆ ಮಾರ್ಕ್ಸ್ ಕಾರ್ಡ್ ಕೇಳಿದ ಹಾಗೆ ಹೆದರ್ತಾರೆ" ಎಂದು ಅವರ ದೂರು. ಇಂಥ ಜೋಡಿಯನ್ನು ಬಿಡುವುದುಂಟೇ? ಶನಿವಾರ ಬೆಳಿಗ್ಗೆ ಇಬ್ಬರನ್ನೂ ಅಂಗಡಿಯಲ್ಲಿ ಕೂರಿಸಿದೆ. ಆಡಲಿಕ್ಕೆ ಮೀನು ಮಾರುವ ರತ್ನಾವತಿಯಕ್ಕ, ಮತ್ತೆ ನಿಜವಾದ ಕಂಡಕ್ಟರ್ ಧನರಾಜ್.

ಮೇಡಮ್ಮಿನದು ಒಂದೇ ನಿಯಮ: ಆಟ ಮಾಡಿದವನು ಬಾಯಿ ಬಿಡಬಾರದು. ರೂಪೇಶನಿಗೆ ಅದಾಗುವ ಕೆಲಸವಲ್ಲ. ನಾನು ಅವನ ಬಾಯಿಗೆ ಬಿಸಿ ಗೋಳಿಬಜೆ ತುರುಕಿದೆ.

ಮೊದಲು ರತ್ನಾವತಿಯಕ್ಕನ ಸರದಿ. ಸ್ಕ್ರೀನಿನಲ್ಲಿ ಬಸ್ಸು ಹಿರಿಯಡ್ಕಕ್ಕೆ ಬಂತು. ದೂರದಲ್ಲೊಬ್ಬರು ಅಜ್ಜಿ, ಕೊಡೆ ಊರಿಕೊಂಡು ನಡೆದು ಬರುತ್ತಿದ್ದರು. ರತ್ನಾವತಿಯಕ್ಕನ ಬೆರಳು ಬಟನ್ನಿನ ಮೇಲೆ ಬಂದು ನಿಂತಿತು. ಒತ್ತಲಿಲ್ಲ. ಲೇಟಾಗಿ ಸೋತರು.

"ಕೊಡು ಇಲ್ಲಿ, ಹದಿನೆಂಟು ವರ್ಷದ ಸರ್ವಿಸ್ ಉಂಟು ನನಗೆ" ಎಂದು ಧನರಾಜ್ ಮೊಬೈಲ್ ಕಸಿದುಕೊಂಡ. ಅವನದೂ ಅದೇ ಕಥೆ. ಬೆರಳು ಮೇಲೆ, ಅಜ್ಜಿ ದೂರದಲ್ಲಿ.

ರೂಪೇಶ್ ಗೋಳಿಬಜೆ ನುಂಗಿಬಿಟ್ಟ. "ಆ ಅಜ್ಜಿಗೆ ಎಂತಕ್ಕೆ ಕಾಯುವುದು ಮಾರಾಯ್ರೇ? ರಸ್ತೆ ಖಾಲಿ ಕಾಣ್ತದೆ ಅಂತ ಸುಮ್ಮನೆ ಇಟ್ಟದ್ದು. ಅವರು ಹತ್ತುವುದೇ ಇಲ್ಲ, ನಡೀತಾನೇ ಇರ್ತಾರೆ."

ಧನರಾಜ್ ಮೊಬೈಲನ್ನು ಮೇಜಿನ ಮೇಲಿಟ್ಟ.

"ಎರಡು ವರ್ಷದಿಂದ," ರತ್ನಾವತಿಯಕ್ಕ ಒಂದೊಂದೇ ಶಬ್ದ ಬಿಡಿಸಿ ಕೇಳಿದರು, "ಆ ಹೆಂಗಸನ್ನು ನಡೆಸ್ತಾ ಇದ್ದೀಯಾ?"

ಲವೀನಾ ಮೇಡಂ ನಕ್ಕು ನಕ್ಕು ಪೆನ್ನು ಬೀಳಿಸಿದರು. ಹೆಕ್ಕಲು ಬಗ್ಗಿದವರು ಮೇಜಿನಡಿಯಿಂದಲೇ ಹೇಳಿದರು, "ಬೆರಳು ನಿಧಾನವಲ್ಲ ರೂಪೇಶ್. ಅಜ್ಜಿಯನ್ನು ಬಿಟ್ಟು ಹೋಗಲಿಕ್ಕೆ ಅವರಿಗೆ ಮನಸ್ಸಿಲ್ಲ."

ರೂಪೇಶ್ ಲ್ಯಾಪ್‌ಟಾಪ್ ತೆರೆದ. ಒಂದು ಗಂಟೆಯಲ್ಲಿ ಅಜ್ಜಿ ಬಸ್ಸಿನ ಮೆಟ್ಟಿಲು ಹತ್ತಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು, ರಿಪೇರಿಗೆ ಬಂದ ಗಿರಾಕಿಗಳೂ ಸೇರಿ.

ರತ್ನಾವತಿಯಕ್ಕ ಮಾತ್ರ ಸ್ಕ್ರೀನನ್ನೇ ನೋಡುತ್ತಿದ್ದರು. ಬಸ್ಸಿನೊಳಗೆ ಸೀಟೆಲ್ಲ ಭರ್ತಿ. "ಈಗ ಅವರಿಗೆ ಸೀಟು ಯಾರು ಬಿಡುವುದು?"

"ಅದು... ಮಾಡಲಿಲ್ಲ ಅಕ್ಕ."

"ಎಷ್ಟು ದಿನ ಬೇಕು?" ಲವೀನಾ ಮೇಡಂ ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತಿರುಗಿಸಿದರು.

"ಒಂದು ತಿಂಗಳು ಕೊಡಿ" ಎಂದ ರೂಪೇಶ್, ಕಿವಿಯಿಂದ ಕಿವಿಗೆ ನಗುತ್ತ.

ಧನರಾಜ್ ಬಗ್ಗಿ ಸ್ಕ್ರೀನಿಗೆ ಬೆರಳಿಟ್ಟ. "ಮೊದಲು ಸೀಟಿನಲ್ಲಿ ಕೂತ ಈ ಕನ್ನಡಕದವನನ್ನು ಎಬ್ಬಿಸು. ಆಗಿನಿಂದ ನಿದ್ದೆ ಬಂದ ಹಾಗೆ ಮಾಡ್ತಾ ಇದ್ದಾನೆ."