ಕೊನ್ಯಾಕಿನ ಅನ್ನ

ಗೆಡ್ಡೆ ತುರಿದು, ನೀರಿಗೆ ಹಾಕಿ, ಮೊಣಕೈವರೆಗೂ ಅಂಟುವಂತೆ ಕಲಸಿಯಾಗಿತ್ತು. ಈಗ ಸುಣ್ಣದ ತಿಳಿ ಹೊಯ್ಯುವ ಹೊತ್ತು. ಇಲ್ಲಿ ತಡಮಾಡಿದರೆ ಕೆಟ್ಟಿತು. ಸೆತ್ಸು ಒಂದು ಕೈಯಲ್ಲಿ ತಿಳಿ ಹೊಯ್ಯುತ್ತ ಇನ್ನೊಂದು ಕೈಯಲ್ಲಿ ಬಿರುಸಾಗಿ ನಾದಿದಳು. ಮುದ್ದೆ ಒಡೆದು ನೀರಾಡಿತು, ಮತ್ತೆ ಕೂಡಿಕೊಂಡು ಗಟ್ಟಿಯಾಯಿತು. ಕೊನ್ಯಾಕಿನ ಗೆಡ್ಡೆಯೆಂದರೆ ಸುವರ್ಣಗೆಡ್ಡೆಯ ಒಡಹುಟ್ಟು, ಕೈ ನವೆ ತಪ್ಪಿದ್ದಲ್ಲ. ಗುನ್ಮ ಸೀಮೆಯ ಈ ಗುಡ್ಡದ ಹಳ್ಳಿಗೆ ಸೊಸೆಯಾಗಿ ಬಂದ ನಲವತ್ತೆರಡು ವರ್ಷದಲ್ಲಿ ಆ ನವೆ ಅವಳಿಗೆ ಹಳೆಯ ನೆಂಟನಂತಾಗಿತ್ತು.

ಒಳಗಿನಿಂದ ಅತ್ತೆ ತೋಮೆಯ ದನಿ ಬಂತು. “ಇವತ್ತೂ ಅದೇನಾ?”

“ಅದೇ ಅತ್ತೆ. ಅಕ್ಕಿ ಕಾಳಿನ ಹಾಗೆ ಸಣ್ಣಗೆ ಹೆಚ್ಚುತೀನಿ. ಕಣ್ಣು ಮುಚ್ಕೊಂಡು ತಿಂದ್ರೆ ಅನ್ನವೇ.”

“ಕಣ್ಣು ಮುಚ್ಚಿದ್ರೆ ನಾಲಿಗೆನೂ ಮುಚ್ಕೊಳತ್ತೇನೇ?”

ತೋಮೆಗೆ ಎಂಬತ್ತಾರು. ಸಕ್ಕರೆ ಕಾಯಿಲೆ ಹಿಡಿದು ಮೂರು ತಿಂಗಳಾಗಿತ್ತು, ಕಾಲಿನ ಬಲ ಮೊದಲೇ ಹೋಗಿತ್ತು. ಸೆತ್ಸು ಮೀನು, ತೋಫು, ಸೊಪ್ಪು ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಅನ್ನದ ಜಾಗಕ್ಕೆ ಕೊನ್ಯಾಕು, ಶಾವಿಗೆಯ ಜಾಗಕ್ಕೂ ಕೊನ್ಯಾಕು ಬಂತು, ಅಷ್ಟೆ. ಗುರುವಾರ ಗುರುವಾರ ಬರುವ ನರ್ಸಮ್ಮನಿಗೆ ಅದನ್ನು ನೋಡಿ ಹಿಗ್ಗೋ ಹಿಗ್ಗು.

“ಕ್ಯಾಲೊರಿಯೇ ಇಲ್ಲದ ಅನ್ನ! ಪಟ್ಟಣದವರು ಹುಡುಕ್ಕೊಂಡು ಹೋಗಿ ತಿಂತಾರೆ ಅಜ್ಜಿ. ಇಂಥ ಸೊಸೆ ಸಿಗೋಕೆ ಪುಣ್ಯ ಮಾಡಿರಬೇಕು.”

“ಪುಣ್ಯ ಅಲ್ಲ, ಪಾಪ,” ಎಂದಳು ತೋಮೆ. ನರ್ಸಮ್ಮ ಅದನ್ನು ಹಾಸ್ಯವೆಂದುಕೊಂಡು ನಕ್ಕಳು. ಹೋಗುವಾಗ ಬಾಗಿಲಲ್ಲಿ ದನಿ ತಗ್ಗಿಸಿ, “ಹೊತ್ತಿಗೆ ಅರ್ಧ ಬಟ್ಟಲು ಅನ್ನ ಕೊಡಿ. ಯಾವಾಗಲಾದರೊಮ್ಮೆ ಅವರಿಗಿಷ್ಟದ ಯಾಕಿಮಾಂಜು ತಿಂಡಿ ತಿಂದ್ರೂ ಆಕಾಶ ಬೀಳಲ್ಲ,” ಎಂದಿದ್ದಳು. ಸೆತ್ಸು ಬಗ್ಗಿ ನಮಸ್ಕರಿಸಿ ಬಾಗಿಲು ಮುಚ್ಚಿದ್ದಳು. ಆ ಮಾತನ್ನೂ ಒಳಗೇ ಮುಚ್ಚಿಟ್ಟಳು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಅತ್ತೆಯ ಕಾಲದಲ್ಲಿ ಸೊಸೆ ಉಣ್ಣುತ್ತಿದ್ದುದು ಕಡೆಯಲ್ಲಿ, ಅಡಿಗೆಮನೆಯ ಹೊಸ್ತಿಲ ಮೇಲೆ. ಅನ್ನದ ಪಾತ್ರೆಯ ಮುಚ್ಚಳ ತೋಮೆಯ ಕೈಲಿತ್ತು. “ಕೊನ್ಯಾಕು ತಿನ್ನು, ಹೊಟ್ಟೆಯೊಳಗಿನ ಮರಳು ಗುಡಿಸಿ ಹಾಕತ್ತೆ,” ಎನ್ನುತ್ತಿದ್ದಳು. ಬಸುರಿಯಿದ್ದಾಗಲೂ ಅದೇ, ಬಾಣಂತನದಲ್ಲೂ ಅದೇ. ಎರಡನೆಯ ತಿಂಗಳಿಗೆ ಎದೆಹಾಲು ಬತ್ತಿತು. ಹಾಲಿನ ಪುಡಿ ತರಲು ತೋಮೆ ಒಪ್ಪಲಿಲ್ಲ. ಗುಡ್ಡದಾಚೆ ಸೆತ್ಸುವಿನ ಅಕ್ಕ ಕೂಸು ಕಳೆದುಕೊಂಡು ಎದೆಭಾರದಿಂದ ನರಳುತ್ತಿದ್ದಳು. ಮಗು ಸಯೊಕೊ ಅಲ್ಲಿಗೆ ಹೋಯಿತು, ಅಲ್ಲಿಯದೇ ಆಯಿತು. ಊರಿಗೆಲ್ಲ ತೋಮೆ ಹೇಳಿದ್ದು ಬೇರೆ: ಹೆಣ್ಣೆಂದು ತಾಯಿಯೇ ಬೇಡವೆಂದಳಂತೆ.

ಹನ್ನೊಂದು ವರ್ಷದ ಹಿಂದೆ ಸೆತ್ಸುವಿನ ಗಂಡನ ಸಾವಿಗೆ ಬಂದ ಸಯೊಕೊ ಒಂದೇ ಮಾತು ಕೇಳಿದ್ದಳು. “ಚಿಕ್ಕಮ್ಮ, ನಾನು ನಿಮಗೆ ಅಷ್ಟು ಬೇಡವಾಗಿದ್ದೆನಾ?” ಅವಳು ಹೋದ ಮೇಲೆ ಸೆತ್ಸು ಅವಳಿಗೆ ನಾಲ್ಕು ಹಾಳೆ ಕಾಗದ ಬರೆದಳು. ಬರೆದು ಪೆಟ್ಟಿಗೆಯಲ್ಲಿಟ್ಟಳು. ಸೊಸೆ ಹೇಳಿದ್ದನ್ನು ಯಾರು ನಂಬುತ್ತಾರೆ? ಅದರ ಕೆಳಗೆ ಅತ್ತೆಯ ಕೈಬರಹ ಬೇಕಿತ್ತು, ಅತ್ತೆಯ ತಲೆದಿಂಬಿನಡಿ ಇರುವ ಮನೆಯ ಮುದ್ರೆ ಬೇಕಿತ್ತು. ಒಮ್ಮೆ ಕೇಳಿದ್ದಕ್ಕೆ ತೋಮೆ, “ಮನೆ ಮಾನ ಅಂಚೆಗೆ ಹಾಕ್ತೀಯಾ?” ಎಂದು ಮುಖ ತಿರುಗಿಸಿದ್ದಳು.

ಅಕ್ಕಿಯಂತೆ ಹೆಚ್ಚುತ್ತೇನೆಂದಿದ್ದರೂ ಅಂದು ಸೆತ್ಸು ಕೊನ್ಯಾಕನ್ನು ಅನ್ನ ಮಾಡಲಿಲ್ಲ. ಗುಂಡಗೆ ನಾಲ್ಕು ತುಂಡು ಕೊರೆದು, ಬಿದಿರುಕಡ್ಡಿಗೆ ಪೋಣಿಸಿ, ಮಿಸೊ ಎಂಬ ಸಿಹಿ ಸೋಯಾ ಗೊಜ್ಜು ಸವರಿ ಕೆಂಡದ ಮೇಲೆ ಸುಟ್ಟಳು. ನೋಡಲು ಥೇಟು ಯಾಕಿಮಾಂಜು, ಕೆಂಡದಲ್ಲಿ ಸುಟ್ಟ ಉಬ್ಬು ಹಿಟ್ಟಿನ ಉಂಡೆ, ತೋಮೆ ಪ್ರಾಣ ಬಿಡುವ ತಿಂಡಿ.

ತೋಮೆಯ ಕಣ್ಣು ಅರಳಿತು. ಎರಡು ಕೈಯಲ್ಲೂ ಹಿಡಿದು ಕಚ್ಚಿದಳು. ಉಬ್ಬಿದ ಹಿಟ್ಟು ಕರಗಬೇಕಾದಲ್ಲಿ ರಬ್ಬರಿನಂಥದ್ದು ಹಲ್ಲಿಗೆ ಎಗರಿ ಜಾರಿತು. ಕಡ್ಡಿ ಕೆಳಗಿಟ್ಟಳು. “ಹೊಟ್ಟೆ ತುಂಬಿದೆ ಕಣೇ. ಹಸಿವು ಹೋಗಿಲ್ಲ,” ಎಂದಳು.

ಸೆತ್ಸು ಈ ಮಾತಿಗೇ ಮೂರು ತಿಂಗಳು ಕಾದಿದ್ದಳು.

“ಹೊಟ್ಟೆ ತುಂಬಿದ ಮೇಲೂ ಹಸಿವು ಅನ್ನೋದು ಸೋಮಾರಿತನ,” ಎಂದಳು ಮೆಲ್ಲಗೆ.

ತೋಮೆ ತಲೆಯೆತ್ತಿದಳು. “ಅದು... ನಾನಂದ ಮಾತು.”

“ಹೌದತ್ತೆ. ‘ಹಸಿವು ಹೋಗಿಲ್ಲ’ ಅಂತ ಆಗ ನಾನಂದಿದ್ದು, ಹೊಸ್ತಿಲ ಮೇಲೆ ಕೂತು. ‘ಸೋಮಾರಿತನ’ ಅಂದಿದ್ದು ನೀವು. ಇವತ್ತು ತಟ್ಟೆ ಅದಲುಬದಲಾಯ್ತು.”

ಪೆಟ್ಟಿಗೆಯಿಂದ ನಾಲ್ಕು ಹಾಳೆ ತಂದು, ಲೇಖನಿಯ ಜೊತೆ ಅತ್ತೆಯ ಮುಂದಿಟ್ಟಳು.

“ಬರೀದಿದ್ರೆ?”

“ನಾಳೆ ಶಾವಿಗೆ, ನಾಡಿದ್ದು ಅನ್ನ. ಹೊಲದಲ್ಲಿ ಗೆಡ್ಡೆಗೇನು ಬರವಿಲ್ಲ.”

“ರಾಕ್ಷಸಿ.”

“ನಿಮ್ಮ ಕೈಯಲ್ಲೇ ಪಳಗಿದ್ದು.”

ಸೆತ್ಸು ಗೂಡಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದಳು. ಬೆಳ್ಳಗೆ ಉಬ್ಬಿದ, ನಿಜವಾದ ಹಿಟ್ಟಿನ ನಾಲ್ಕು ಮಾಂಜು. ವಾರವಾರವೂ ತಂದಿಡುತ್ತಿದ್ದಳು, ಅತ್ತೆಯ ಬಾಯಿಂದ ಆ ಮಾತು ಬಾರದ ವಾರ ಅವು ಪಕ್ಕದ ಮನೆಯ ನಾಯಿಗೆ. ನಾಯಿ ಈಗ ನಡೆಯಲಾರದಷ್ಟು ಕೊಬ್ಬಿತ್ತು.

ತೋಮೆ ಮಾಂಜು ನೋಡಿದಳು, ಹಾಳೆ ನೋಡಿದಳು. ಆಮೇಲೆ ಕೊನೆಯ ಹಾಳೆಯ ಕೆಳಗೆ ಬರೆದಳು: “ನಿನ್ನ ತಾಯಿ ನಿನ್ನನ್ನು ಬೇಡವೆನ್ನಲಿಲ್ಲ. ಅವಳಿಗೆ ಅನ್ನ ಬಡಿಸದವಳು ನಾನು. ಹಾಲು ಅದಕ್ಕೇ ಬತ್ತಿತು.” ತಲೆದಿಂಬಿನಡಿಯ ಮುದ್ರೆ ತೆಗೆದು ಕೆಂಪಗೆ ಒತ್ತಿದಳು. “ಈಗ ಕೊಡು.”

“ಮೊದಲು ಅಂಚೆ.”

ಮಾಂಜು ಪೋಣಿಸಿ, ಧಾರಾಳವಾಗಿ ಮಿಸೊ ಸವರಿ, ಕೆಂಡದ ಅಂಚಿಗಿಟ್ಟು, ಹಾಳೆಗಳನ್ನು ಲಕೋಟೆಗೆ ಹಾಕಿಕೊಂಡು ಅಂಗಳಕ್ಕಿಳಿದಳು. ಕಂಪು ಮನೆ ತುಂಬ ಎದ್ದಿತು. ಎದ್ದು ಬರಲಾಗದ ತೋಮೆ ಕೂತಲ್ಲೇ ಮೂಗರಳಿಸಿ, “ಸೆತ್ಸು, ಬೇಗ ಬಾ, ಸೀದು ಹೋಗತ್ತೆ!” ಎಂದು ಕೂಗಿದಳು.

ಸೆತ್ಸು ಬೇಗ ಹೋಗಲಿಲ್ಲ. ಇಳಿಜಾರಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟಳು. ಸಯೊಕೊ ಓದುತ್ತಾಳೋ ಹರಿದೆಸೆಯುತ್ತಾಳೋ, ಅದು ಅವಳಿಗೆ ಬಿಟ್ಟದ್ದು. ಅಕ್ಕಿ ಅಂಗಡಿಯ ಮುಂದಿನ ಕೆಂಪು ಡಬ್ಬಿಯ ಬಾಯೊಳಗೆ ನವೆಯೆದ್ದ ಕೈ ತೂರಿಸಿ, ಲಕೋಟೆ ಬಿಟ್ಟಳು. ಅದು ತಳಕ್ಕೆ ಬಿದ್ದ ಸದ್ದು ಕೇಳಿದ ಮೇಲೆಯೇ ಕೈ ಹೊರಗೆಳೆದುಕೊಂಡಳು.